ಉಮೇದುವಾರರೂ ಹವಾಮಾನವೂ



2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದುದನ್ನು ಮುಂಬಯಿ ಕನ್ನಡಿಗರಾದ ನಾವು ಮರೆತಿಲ್ಲ. ಆದುದರಿಂದಲೇ 2024ರ ಲೋಕಸಭಾ ಚುನಾವಣೆಯ ಪ್ರಣಾಳಿಕೆಗಳಲ್ಲಿ ಹವಾಮಾನದ ಪುಟಗಳನ್ನು ಹುಡುಕಿ ಓದಿದೆವು. ಭಾರತೀಯ ಜನತಾ ಪಕ್ಷವು 2047ರೊಳಗೆ ಇಂಧನ ಸ್ವಾವಲಂಬನೆ ಎಂದಿತು. ಕಾಂಗ್ರೆಸ್ಸು ಪರಿಸರ ರಕ್ಷಣೆ ಹಾಗೂ ಹವಾಮಾನ ಬದಲಾವಣೆಗೆಂದೇ ಸ್ವತಂತ್ರ ಪ್ರಾಧಿಕಾರವೆಂದಿತು. ಒಬ್ಬರಲ್ಲಿ ತಾರೀಖುಂಟು, ಇನ್ನೊಬ್ಬರಲ್ಲಿ ಆಡಿಟರುಂಟು! ದೇಶದ ನಿವ್ವಳ ಇಂಗಾಲ ಸೊನ್ನೆಯಾಗುವ ವಾಯಿದೆಯೋ, 2021ರಲ್ಲಿ ಗ್ಲಾಸ್ಗೋದಲ್ಲಿ ಸರ್ಕಾರ ಸಾರಿದಂತೆ, 2070. ಬ್ಯಾಂಕಿನ ಗುಮಾಸ್ತರಾದ ನಮಗೆ ಇಷ್ಟು ದೂರದ ವಾಯಿದೆ ಕಂಡರೆ ಲೇಖನಿ ತಡೆಯುತ್ತದೆ. ಮನೆ ಸಾಲವೇ ಮೂವತ್ತು ವರ್ಷ ದಾಟುವುದು ಅಪರೂಪ. ಮುಂದೆ ಮತ ಕೇಳಲು ಬರುವ ಉಮೇದುವಾರರು ಯಾವ ಪಕ್ಷದವರೇ ಆಗಲಿ, ಕೂರಿಸಿ, ಚಹಾ ಕೊಟ್ಟು ಕೇಳೋಣ: ತಮ್ಮ ಐದು ವರ್ಷಗಳ ಕಂತು ಎಷ್ಟು, ಯಾವ ಬಾಬಿನಿಂದ?