ಬಣ್ಣ ಕಳಚುವ ಹೂ: ಬ್ರುನ್‌ಫೆಲ್ಸಿಯ

ಒಂದೇ ಗಿಡದಲ್ಲಿ ಕಡುನೇರಳೆ, ತಿಳಿನೇರಳೆ, ಅಚ್ಚಬಿಳಿ ಹೂಗಳನ್ನು ಒಟ್ಟೊಟ್ಟಿಗೆ ಹೊತ್ತ ಪೊದೆಯನ್ನು ಬೆಂಗಳೂರಿನ ಮನೆಯಂಗಳಗಳಲ್ಲಿ ನೀವು ನೋಡಿರಬಹುದು. ನರ್ಸರಿಯವರ ಬಾಯಲ್ಲಿ ಅದು ‘ಯೆಸ್ಟರ್‌ಡೇ ಟುಡೇ ಟುಮಾರೋ’. ಸಸ್ಯಶಾಸ್ತ್ರದ ಪ್ರಕಾರ ಬ್ರುನ್‌ಫೆಲ್ಸಿಯ ಕುಲದ ಗಿಡ. ಮೂರು ಬಣ್ಣ ಕಂಡಿತೆಂದು ಕಸಿ ಕಟ್ಟಿದ್ದಾರೆ ಅಂದುಕೊಳ್ಳಬೇಡಿ. ಇಂದು ನೇರಳೆಯಾಗಿ ಅರಳಿದ ಹೂವೇ ಎರಡು ಮೂರು ದಿನಗಳಲ್ಲಿ ಬಿಳಿಯಾಗುತ್ತದೆ.

ಬದನೆ, ಟೊಮೆಟೊ, ಮೆಣಸಿನಕಾಯಿ, ದತ್ತೂರಿಗಳ ಕುಟುಂಬವೇ ಇದರದ್ದೂ. ಕುಂಡಗಳಲ್ಲಿ ಬೆಳೆಸುವ ಪೆಟೂನಿಯ ಇದಕ್ಕೆ ಹತ್ತಿರದ ನೆಂಟ. ಈ ಕುಲದಲ್ಲಿ ಸುಮಾರು 50 ಪ್ರಭೇದಗಳಿವೆ. ತವರು ದಕ್ಷಿಣ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳು. ಆ ದ್ವೀಪಗಳಲ್ಲಿ ಸಸ್ಯಗಳನ್ನು ಹುಡುಕಿ ಸುತ್ತಿದ ಫ್ರೆಂಚ್ ಪಾದ್ರಿ ಶಾರ್ಲ್ ಪ್ಲುಮಿಯೆ, ಜರ್ಮನಿಯ ಸಸ್ಯಪಂಡಿತ ಒಟ್ಟೊ ಬ್ರುನ್‌ಫೆಲ್ಸ್‌ನ ನೆನಪಿಗೆ ಈ ಹೆಸರಿಟ್ಟ. ಬ್ರುನ್‌ಫೆಲ್ಸ್ 1530ರಿಂದ ಹೊರತಂದ ಗ್ರಂಥದ ಹೆಚ್ಚುಗಾರಿಕೆ ಅದರ ಚಿತ್ರಗಳು. ಗಿಡವನ್ನು ಎದುರಿಗಿಟ್ಟುಕೊಂಡು, ಬಾಡಿದ ಎಲೆಯನ್ನೂ ಬಿಡದೆ ಬರೆದಂಥವು.

ಈಗ ಹೂವನ್ನೇ ಹತ್ತಿರದಿಂದ ನೋಡೋಣ. ಕಿರಿದಾದ ಕೊಳವೆ, ಅದರ ತುದಿಯಲ್ಲಿ ಅಂಚು ಅಲೆಯಲೆಯಾದ ಐದು ಎಸಳು, ನಡುವೆ ಬಿಳಿಯ ಕಣ್ಣು. ಬದನೆ ಹೂವಿನಲ್ಲಿ ಐದು ಕೇಸರಗಳಿದ್ದರೆ ಇಲ್ಲಿ ನಾಲ್ಕೇ, ಅವೂ ಕೊಳವೆಯೊಳಗೆ ಅಡಗಿರುತ್ತವೆ.

ಎಸಳಿಗೆ ನೇರಳೆ ಬಣ್ಣ ಕೊಡುವುದು ಆಂಥೋಸಯನಿನ್ ಎಂಬ ವರ್ಣದ್ರವ್ಯ. ಬಿಸಿಲಿಗೆ ಬಟ್ಟೆಯ ಬಣ್ಣ ಹೋದಂತೆ ಇದೂ ಮಾಸುತ್ತದೆ ಎಂದೇ ನೋಡಿದವರಿಗೆ ಅನ್ನಿಸುತ್ತದೆ. ಇಸ್ರೇಲಿನ ಕೃಷಿವಿಜ್ಞಾನಿಗಳು ಪರೀಕ್ಷಿಸಿದಾಗ ಸಂಗತಿ ಬೇರೆಯೇ ಇತ್ತು. ಹೂ ಅರಳಿದ ಮೇಲೆ ಎಸಳಿನ ಜೀವಕೋಶಗಳು ಹೊಸದಾಗಿ ಪ್ರೋಟೀನು ತಯಾರಿಸುತ್ತವೆ. ಆ ತಯಾರಿಕೆಯಿಲ್ಲದೆ ಬಣ್ಣ ಒಡೆಯುವುದೇ ಇಲ್ಲ. ಅಂದರೆ ಗಿಡ ತಾನೇ ಶ್ರಮಪಟ್ಟು ತನ್ನ ಬಣ್ಣ ಕಳಚುತ್ತದೆ. ಬಣ್ಣ ಇಳಿಯುತ್ತಿದ್ದಂತೆ ಪರಿಮಳ ಏರುತ್ತದೆ, ಎಸಳೂ ದಪ್ಪವಾಗುತ್ತದೆ. ಬಿಳಿ ಹೂ ಕಂಡು ‘ಹಳೆಯದಾಯಿತು’ ಎಂದು ಕಿತ್ತೆಸೆಯುವ ಮೊದಲು ಒಮ್ಮೆ ಮೂಸಿ ನೋಡಿ.

ಆದರೆ ಈ ಕುಲದ ಎಲ್ಲ ಹೂಗಳೂ ನೇರಳೆಯಾಗಿ ಅರಳುವುದಿಲ್ಲ. ಕೆರಿಬಿಯನ್ ದ್ವೀಪಗಳ ಬ್ರುನ್‌ಫೆಲ್ಸಿಯ ಅಮೆರಿಕಾನದ ಉದ್ದ ಕೊಳವೆಯ ಹೂವಿಗೆ ನೇರಳೆಯ ಗೊಡವೆಯೇ ಇಲ್ಲ. ಅದು ಬೆಳ್ಳಗೆ ಅರಳಿ, ಕತ್ತಲಾದ ಮೇಲೆ ಘಮಘಮಿಸಿ, ಇರುಳಿನ ಪತಂಗಗಳನ್ನು ಕರೆಯುತ್ತದೆ.

ಬಣ್ಣ, ಪರಿಮಳಗಳ ಜೊತೆ ಈ ಕುಲದ ಗಿಡಗಳು ವಿಷವನ್ನೂ ತಯಾರಿಸುತ್ತವೆ. ಅಮೆಜಾನ್ ಸೀಮೆಯ ನಾಟಿವೈದ್ಯರು ‘ಚಿರಿಕ್ ಸನಾಂಗೊ’ ಎನ್ನುವ ಪ್ರಭೇದದ ಬೇರನ್ನು ಕೀಲುನೋವಿಗೆ ಬಳಸುತ್ತಾರೆ. ಸೇವಿಸಿದವರಿಗೆ ಮೈ ಜುಮ್ಮೆಂದು ಚಳಿ ಹತ್ತುತ್ತದೆ. ಎಲೆ, ಕಾಯಿ, ಬೀಜ ಎಲ್ಲದರಲ್ಲೂ ವಿಷಾಂಶವಿದೆ. ನಾಯಿಗಳಿಗಂತೂ ಇದು ಬಲು ಅಪಾಯ: ಕಾಯಿ ತಿಂದ ನಾಯಿಗೆ ವಾಂತಿ, ನಡುಕ, ಕಾಲು ಸೆಟೆಯುವುದು, ಫಿಟ್ಸ್ ಬರುತ್ತವೆ. ಪ್ರಾಣ ಹೋಗುವುದೂ ಉಂಟು.

ಹಾಗೆಂದು ಗಿಡ ಕಡಿಯಬೇಕಿಲ್ಲ. ಗೊಬ್ಬರ ಬೆರೆತ, ನೀರು ನಿಲ್ಲದ ಮಣ್ಣು, ಮಧ್ಯಾಹ್ನದ ಬಿರುಬಿಸಿಲಿಗೆ ಒಂದಿಷ್ಟು ನೆರಳು ಕೊಟ್ಟರೆ ಚೆನ್ನಾಗಿ ಹೂ ಬಿಡುತ್ತದೆ. ಕಾಯಿ ಕಟ್ಟಿದರೆ ಉದುರುವ ಮೊದಲೇ ಕಿತ್ತುಬಿಡಿ, ಕತ್ತರಿಸಿದ ಕಡ್ಡಿ, ಎಲೆಗಳನ್ನು ಅಂಗಳದಲ್ಲಿ ಬಿಡಬೇಡಿ. ಇದು ನೋಡುವ, ಮೂಸುವ ಗಿಡ; ಬಾಯಿಗಿಡುವ ಗಿಡವಲ್ಲ ಎಂದು ಮನೆಯ ಮಕ್ಕಳಿಗೆ ಇವತ್ತೇ ಹೇಳಿಕೊಡಿ.