ಹೊರಗಿನ ತಂತ್ರಾಂಶ ತರುವ ಮುನ್ನ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ಮಾತನಾಡಲು ಅವಕಾಶ ಕೊಟ್ಟ ಸಮಿತಿಗೆ ನಾನು ಋಣಿ. "ನಿನ್ನ ಕೆಲಸದ ಬಗ್ಗೆನ ಮಾತಾಡಪಾ, ಆದರ ನಮಗ ತಿಳಿಯೂಹಂಗ ಮಾತಾಡು" ಎಂದು ಗುರುಗಳು ಅಪ್ಪಣೆ ಮಾಡಿದ್ದಾರೆ. ಪ್ರಯತ್ನಿಸುತ್ತೇನೆ.

ಶಾಲೆಯ ಲ್ಯಾಬಿನ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಬೇಕೆಂಬ ಮಾತು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ನಡೆದಿದೆ. ಕಾರಣ ಸರಳ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರಗಳಲ್ಲಿ ಎಷ್ಟೋ ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಲಿನಕ್ಸ್ ಉಚಿತ, ಅದರ ಒಳಗಿನ ಬರಹವನ್ನು ಯಾರು ಬೇಕಾದರೂ ಓದಿ ನೋಡಬಹುದು. ಕೇರಳದ ಶಾಲೆಗಳು ವರ್ಷಗಳಿಂದ ಇದನ್ನೇ ಬಳಸುತ್ತಿವೆ. ಆದ್ದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಇದು ಹೊಸದಲ್ಲ. ನಮ್ಮ ಗಡಿಯ ಮಕ್ಕಳಿಗೂ ಕಷ್ಟವಾಗಲಾರದು.

ಆದರೆ ಲಿನಕ್ಸ್ ಹಾಕಿದ ಮರುದಿನವೇ ಒಂದು ಪ್ರಶ್ನೆ ಬರುತ್ತದೆ: "ಇದರಾಗ ನುಡಿ ಎಲ್ಲೈತಿ?" ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ವಿಂಡೋಸಿಗಾಗಿ ಬೆಳೆದದ್ದು. ಅದು ಕಾಣಲಿಲ್ಲವೆಂದರೆ ಯಾರೋ ಅಂತರಜಾಲದಲ್ಲಿ ಹುಡುಕುತ್ತಾರೆ, ಸಿಕ್ಕಿದ್ದನ್ನು ಇಳಿಸುತ್ತಾರೆ, ಪಾಸ್‌ವರ್ಡ್ ಕೇಳಿದರೆ ಕೊಟ್ಟುಬಿಡುತ್ತಾರೆ. ಇಂದು ನಾನು ಮಾತಾಡಬೇಕಾದದ್ದು ಆ ಒಂದು ಗಳಿಗೆಯ ಬಗ್ಗೆ.

ಉಬುಂಟು, ಡೆಬಿಯನ್ ಮುಂತಾದ ಲಿನಕ್ಸ್‌ಗಳಿಗೆ ತಮ್ಮದೇ ಒಂದು ಅಧಿಕೃತ ಭಂಡಾರ ಇರುತ್ತದೆ. 2023ರಲ್ಲಿ ಬಂದ ಡೆಬಿಯನ್ 12ರ ಭಂಡಾರದಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿದ್ದವು. ಪ್ರತಿ ಪ್ಯಾಕೇಜಿಗೂ ಹೊಣೆ ಹೊತ್ತವರು ಇರುತ್ತಾರೆ. ಭಂಡಾರದ ಪಟ್ಟಿಗೆ ಡಿಜಿಟಲ್ ಸಹಿ ಇರುತ್ತದೆ. ದಾರಿಯಲ್ಲಿ ಯಾರಾದರೂ ಕೈಯಾಡಿಸಿದ್ದರೆ ಸಹಿ ತಾಳೆಯಾಗದೆ ಕಂಪ್ಯೂಟರ್ ಅದನ್ನು ನಿರಾಕರಿಸುತ್ತದೆ. ರೈತ ಬಾಂಧವರಿಗೆ ಹೇಳುವುದಾದರೆ, ಇದು ಪ್ರಮಾಣಿತ ಬೀಜದ ಚೀಲಕ್ಕೆ ಹಚ್ಚಿದ ನೀಲಿ ಚೀಟಿ ಇದ್ದ ಹಾಗೆ.

ಹಾಗಾದರೆ ಹೊರಗಿನದನ್ನು ತರಲೇಬಾರದೇ? ಹಾಗೇನಿಲ್ಲ. ಕಬ್ಬಿನ ಬೀಜಕ್ಕೆ ನಾವು ಏನು ಮಾಡುತ್ತೇವೆ? ಪರಿಚಯದವರ ಹೊಲಕ್ಕೆ ಹೋಗಿ ನಿಂತ ಬೆಳೆ ನೋಡುತ್ತೇವೆ, ಗಣಿಕೆ ಸೀಳಿ ನೋಡುತ್ತೇವೆ, ಆಮೇಲೆ ತರುತ್ತೇವೆ. ಅದಕ್ಕೆ ಚೀಟಿ ಇರುವುದಿಲ್ಲ, ಆದರೆ ಕೊಟ್ಟವರಾರು ಎಂಬುದು ಗೊತ್ತಿರುತ್ತದೆ. ನೋಡದೇ ತಂದರೆ ಬೀಜದ ಜೊತೆ ಕೆಂಪು ಕೊಳೆಯೂ ಕಾಡಿಗೆ ರೋಗವೂ ಹೊಲಕ್ಕೆ ಬರುತ್ತವೆ. ತಂತ್ರಾಂಶದ ಮಾತೂ ಇಷ್ಟೇ.

ಹೊರಗಿನ ಪ್ಯಾಕೇಜನ್ನು ಸ್ಥಾಪಿಸುವಾಗ ಯಂತ್ರ ಯಾಕೆ ಪಾಸ್‌ವರ್ಡ್ ಕೇಳುತ್ತದೆ? ಆ ಕ್ಷಣದಲ್ಲಿ ನೀವು ಅದಕ್ಕೆ ಇಡೀ ಯಂತ್ರದ ಯಜಮಾನಿಕೆ ಕೊಡುತ್ತೀರಿ. ಪ್ಯಾಕೇಜಿನೊಳಗಿನ ಸಣ್ಣ ಆದೇಶಪಟ್ಟಿಯೊಂದು ಆ ಅಧಿಕಾರದಿಂದಲೇ ಓಡುತ್ತದೆ. ಅದು ಮಕ್ಕಳ ಅಂಕಗಳ ಕಡತವನ್ನೂ ಓದಬಲ್ಲದು, ಅಳಿಸಲೂಬಲ್ಲದು. ಪ್ಯಾಕೇಜಿನ ಬದಲು ಹೊರಗಿನ ಭಂಡಾರವನ್ನೇ ಸೇರಿಸಿದರೆ ಇನ್ನೂ ಎಚ್ಚರ ಬೇಕು. ಇಂದು ಒಂದೇ ತಂತ್ರಾಂಶ ಕೊಟ್ಟ ಆ ಭಂಡಾರ, ಮುಂದೆ ಅಪ್‌ಡೇಟ್ ಮಾಡಿದಾಗಲೆಲ್ಲ ಬೇರೆ ಏನನ್ನಾದರೂ ಒಳಗೆ ಕಳಿಸಬಹುದು. ಒಮ್ಮೆ ಬಾಗಿಲು ತೆರೆದರೆ ಅದು ತೆರೆದೇ ಇರುತ್ತದೆ.

ಇದು ಬರೀ ಅಂಜಿಕೆಯ ಮಾತಲ್ಲ. 2016ರ ಫೆಬ್ರುವರಿಯಲ್ಲಿ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೇ ಕನ್ನ ಹಾಕಿ, ಇಳಿಸಿಕೊಳ್ಳುವವರನ್ನು ಕೆಟ್ಟ ಪ್ರತಿಯ ಕಡೆ ತಿರುಗಿಸಿದ್ದರು. ಆರ್ಚ್ ಲಿನಕ್ಸಿನಲ್ಲಿ ಬಳಕೆದಾರರೇ ತುಂಬುವ ಅನಧಿಕೃತ ಭಂಡಾರವೊಂದಿದೆ. ಅಲ್ಲಿ ಪಾಲಕರಿಲ್ಲದೆ ಬಿದ್ದಿದ್ದ ಪಿಡಿಎಫ್ ಓದುವ ಪ್ಯಾಕೇಜೊಂದನ್ನು 2018ರ ಜುಲೈನಲ್ಲಿ ಒಬ್ಬರು ತಮ್ಮ ಕೈಗೆ ತೆಗೆದುಕೊಂಡು ಕೇಡಿನ ಸಾಲುಗಳನ್ನು ಸೇರಿಸಿದರು. ಹೆಸರು ಹಳೆಯದೇ, ಒಡೆಯ ಮಾತ್ರ ಹೊಸಬ.

ಅಧಿಕೃತ ಭಂಡಾರ ಎಂದರೆ ನೂರಕ್ಕೆ ನೂರು ಸುರಕ್ಷಿತ ಎಂದೂ ನಾನು ಹೇಳಲಾರೆ. 2024ರ ಮಾರ್ಚಿನಲ್ಲಿ ಎಕ್ಸ್‌ಜೆಡ್ ಎಂಬ ಚಿಕ್ಕ ತಂತ್ರಾಂಶದಲ್ಲಿ ಕಳ್ಳಬಾಗಿಲು ಸಿಕ್ಕಿತು. ಅದು ಡೆಬಿಯನ್‌ನ ಪರೀಕ್ಷಾ ಆವೃತ್ತಿಯವರೆಗೂ ಬಂದಿತ್ತು. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರೂಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಅದು ಸ್ಥಿರ ಆವೃತ್ತಿಗೆ ಸೇರುವ ಮೊದಲೇ ಬಯಲಾಯಿತು. ಒಳಗಿನ ಬರಹ ತೆರೆದಿದ್ದರಿಂದ ಹುಡುಕಲು ಸಾಧ್ಯವಾಯಿತು. ತೆರೆದಿದ್ದರೆ ಸಾಲದು, ನೋಡುವ ಕಣ್ಣೂ ಬೇಕು.

ಈಗ ನಮ್ಮ ಕನ್ನಡಕ್ಕೆ ಬರೋಣ. ನಾವು ಹೊರಗೆ ಹುಡುಕುವ ಎಷ್ಟೋ ವಸ್ತು ಒಳಗೇ ಇವೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನುಡಿಯಲ್ಲಿ ನಮ್ಮ ಕೈಗೆ ರೂಢಿಯಾದ ಕೀಲಿಮಣೆ ಲಿನಕ್ಸಿನ ಅಧಿಕೃತ ಭಂಡಾರದಲ್ಲೇ 'ಕೆಜಿಪಿ' ಎಂಬ ಹೆಸರಿನಲ್ಲಿ ಸಿಗುತ್ತದೆ. ಅಚ್ಚಾದ ಕನ್ನಡ ಪುಟವನ್ನು ಓದಿ ಅಕ್ಷರವಾಗಿಸುವ ಟೆಸೆರಾಕ್ಟ್ ಇದೆ. ಅಕ್ಷರಶೈಲಿಗಳೂ ಇವೆ. ಅರವಿಂದ ವಿ.ಕೆ. ಎಂಬ ಕನ್ನಡಿಗರು ಗುಬ್ಬಿ ಮತ್ತು ಕೈಬರಹದಂತಿರುವ ನವಿಲು ಎಂಬ ಎರಡು ಮುಕ್ತ ಫಾಂಟುಗಳನ್ನು ಮಾಡಿದರು. ಮೊದಲು ಅವೂ ಹೊರಗಿನವೇ. ಡೆಬಿಯನ್‌ನಲ್ಲಿ ದುಡಿಯುವ ವಾಸುದೇವ ಕಾಮತ್ ಅವರಂಥವರು ಅವನ್ನು ಪ್ಯಾಕೇಜು ಮಾಡಿ ಹೊಣೆ ಹೊತ್ತರು, ಅವು ಒಳಗಿನವಾದವು. ಈಗ ಒಂದೇ ಆದೇಶ ಸಾಕು, ಎಲ್ಲವೂ ಬರುತ್ತವೆ.

ಹಳೆಯ ನುಡಿ ಕಡತಗಳನ್ನು ತೆರೆಯಲು ಹಳೆಯ ಫಾಂಟು ಬೇಕೇ ಬೇಕು ಎನ್ನುವವರಿಗೆ ಒಂದು ಉಪಾಯ. ಫಾಂಟಿನ ಕಡತವನ್ನು ನಿಮ್ಮ ಸ್ವಂತ ಹೋಮ್ ಫೋಲ್ಡರಿನ ಫಾಂಟ್ ಕಡತಕೋಶದಲ್ಲಿ ಇಟ್ಟರೆ ಸಾಕು. ಅದಕ್ಕೆ ಯಜಮಾನಿಕೆಯ ಪಾಸ್‌ವರ್ಡ್ ಬೇಕಿಲ್ಲ. ಫಾಂಟು ಕೊಡುತ್ತೇನೆಂದು ಪಾಸ್‌ವರ್ಡ್ ಕೇಳುವ ಪ್ಯಾಕೇಜನ್ನು ಸಂಶಯದಿಂದಲೇ ನೋಡಿ. ನಿಧಾನವಾಗಿ ಆ ಕಡತಗಳನ್ನು ಯೂನಿಕೋಡಿಗೆ ಬದಲಿಸಿಕೊಂಡರೆ ಮುಂದಿನ ಪೀಳಿಗೆಗೆ ಈ ತೊಂದರೆಯೇ ಇರುವುದಿಲ್ಲ.

ವಿದ್ಯಾರ್ಥಿಗಳೇ, ಹೊರಗಿನದನ್ನು ತರುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಒಂದು, ಇದು ನಮ್ಮ ಭಂಡಾರದಲ್ಲೇ ಇದೆಯೇ? ಎರಡು, ಮಾಡಿದವರು ಯಾರು, ಅವರ ಸ್ವಂತ ತಾಣದಿಂದಲೇ ಇಳಿಸುತ್ತಿದ್ದೇನೆಯೇ? ಮೂರು, ಸಹಿ ತಾಳೆಯಾಯಿತೇ? ನಾಲ್ಕು, ಬೇಡವೆನಿಸಿದರೆ ತೆಗೆದುಹಾಕುವ ದಾರಿ ಯಾವುದು? ಅಂತರಜಾಲದಿಂದ ಒಂದು ಸಾಲು ನಕಲು ಮಾಡಿ ಓದದೇ ಎಂಟರ್ ಒತ್ತುವುದಂತೂ ಬೇಡ.

ಗುರುಗಳಲ್ಲಿ ನನ್ನದೊಂದು ವಿನಂತಿ. ಲ್ಯಾಬಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಡಿಸಿ. ಯಾವ ಯಂತ್ರಕ್ಕೆ, ಯಾವ ದಿನ, ಹೊರಗಿನ ಏನನ್ನು, ಎಲ್ಲಿಂದ ತಂದರು, ಯಾರು ಹಾಕಿದರು ಎಂದು ಮಕ್ಕಳೇ ಬರೆಯಲಿ. ಹಾಕಿದವರು ಶಾಲೆ ಬಿಟ್ಟು ಹೋದ ಮೇಲೂ ಲ್ಯಾಬು ನಡೆಯಬೇಕಲ್ಲ. ಆಗ ಕೆಟ್ಟದ್ದನ್ನು ಹುಡುಕಲು ಆ ಪುಸ್ತಕವೇ ದಾರಿ ತೋರುತ್ತದೆ.

ಶೇಡಬಾಳದ ಮಕ್ಕಳಿಗೆ ಕೊನೆಯದಾಗಿ ಹೇಳುವುದು ಇಷ್ಟು. ಗುಬ್ಬಿ, ನವಿಲು ಫಾಂಟುಗಳನ್ನು ಒಳಗೆ ತಂದವರು ನಮ್ಮಂಥ ಕನ್ನಡದವರೇ. ಕನ್ನಡಕ್ಕೆ ಬೇಕಾದ ಇನ್ನೂ ಎಷ್ಟೋ ಹೊರಗೇ ಉಳಿದಿದೆ. ಅದನ್ನು ಪರೀಕ್ಷಿಸಿ, ತಿದ್ದಿ, ಹೊಣೆ ಹೊತ್ತು ಒಳಗೆ ತರುವ ಕೆಲಸಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕಲಿಯುವ ಹಟ ಬೇಕು. ಆ ಪಟ್ಟಿಯಲ್ಲಿ ನಮ್ಮ ಶಾಲೆಯ ಮಗುವೊಂದರ ಹೆಸರು ಸೇರಲಿ ಎಂದು ಹಾರೈಸಿ, ನನ್ನ ಮಾತು ಮುಗಿಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ.