ಅಳಿಸಿದ ಸೊನ್ನೆ



ಸ್ಪ್ರಿಂಗಿಗೆ ತೂಕ ತೂಗುಹಾಕಿ ಅದು ಎಷ್ಟು ಹಿಗ್ಗುತ್ತದೆಂದು ಶಾಲೆಯಲ್ಲಿ ಅಳೆದ ನೆನಪು ನಿಮ್ಮಲ್ಲಿ ಹಲವರಿಗಿರಬಹುದು. ಭಾರ ಎರಡರಷ್ಟಾದರೆ ಹಿಗ್ಗುವುದೂ ಎರಡರಷ್ಟು. ಇದು ಹುಕ್‌ನ ನಿಯಮ. ಇಂಗ್ಲೆಂಡಿನ ರಾಬರ್ಟ್ ಹುಕ್ ಇದನ್ನು 1676ರಲ್ಲಿ ಲ್ಯಾಟಿನ್ ಅಕ್ಷರಗಳನ್ನು ಕಲೆಸಿ ಒಗಟಿನಂತೆ ಅಚ್ಚು ಹಾಕಿಸಿದ. ಬಿಡಿಸಿ ಹೇಳಿದ್ದು 1678ರಲ್ಲಿ!

ನಾನು ಹೈಸ್ಕೂಲಿನಲ್ಲಿ ಈ ಪ್ರಯೋಗ ಮಾಡಿದಾಗ ಮೊದಲ 50 ಗ್ರಾಮಿಗೆ ಮುಳ್ಳು ಅಲುಗಲೇ ಇಲ್ಲ. ಮುಂದಿನ ಪ್ರತಿ 50 ಗ್ರಾಮಿಗೆ ಸುಮಾರು 2 ಸೆಂ.ಮೀ. ಇಳಿಯಿತು. ನಾನೇನು ಮಾಡಿದೆ ಗೊತ್ತೇ? ಮೊದಲ ಸಾಲಿನ ಸೊನ್ನೆಯನ್ನು ರಬ್ಬರಿನಿಂದ ಉಜ್ಜಿ 2 ಎಂದು ಬರೆದೆ. ಕೆಳಗಿನ ಅಂಕಿಗಳನ್ನೂ ಅದಕ್ಕೆ ತಕ್ಕಂತೆ ತಿದ್ದಿದೆ. ಗ್ರಾಫಿನ ಗೆರೆ ಸೊನ್ನೆಯಿಂದಲೇ ನೆಟ್ಟಗೆ ಹೊರಟಿತು. ರೆಕಾರ್ಡ್ ಪುಸ್ತಕಕ್ಕೆ ‘ಉತ್ತಮ’ ಎಂಬ ಷರಾ ಬಿತ್ತು.

ಬಿ.ಎಸ್ಸಿ. ಮುಗಿಸಿ ಟೆಲಿವಿಷನ್ನಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ, ಮಕ್ಕಳಿಗಾಗಿ ಇದೇ ಪ್ರಯೋಗವನ್ನು ಚಿತ್ರೀಕರಿಸುವ ಸಂದರ್ಭ ಬಂತು. ಮತ್ತೆ ಅದೇ ಕಥೆ. ಮೊದಲ ತೂಕಕ್ಕೆ ಸ್ಪ್ರಿಂಗು ಜಗ್ಗಲಿಲ್ಲ. ಬೇರೆಯದನ್ನು ತರಿಸೋಣವೆಂದುಕೊಳ್ಳುವಷ್ಟರಲ್ಲಿ, ಕ್ಲೋಸಪ್ ತೆಗೆಯುತ್ತಿದ್ದ ಛಾಯಾಗ್ರಾಹಕರು ಮಾನಿಟರಿನ ಬಳಿ ಕರೆದರು. ಪರದೆಯ ತುಂಬ ಸ್ಪ್ರಿಂಗಿನ ಸುರುಳಿಗಳು, ಒಂದಕ್ಕೊಂದು ಅಂಟಿಕೊಂಡು ಕುಳಿತಿವೆ! ಎರಡನೆಯ ತೂಕ ಬಿದ್ದಾಗ ಸುರುಳಿಗಳ ನಡುವೆ ಬೆಳಕಿನ ಸಣ್ಣ ಗೆರೆ ಮೂಡಿತು.

ವಿಷಯ ಇಷ್ಟೇ. ಒತ್ತಾಗಿ ಸುತ್ತಿದ ಸ್ಪ್ರಿಂಗುಗಳಲ್ಲಿ ಸುತ್ತುವಾಗಲೇ ಒಂದಿಷ್ಟು ಬಿಗಿ ಸೇರಿಕೊಂಡಿರುತ್ತದೆ. ಸುರುಳಿಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಭಾರ ಆ ಬಿಗಿಯನ್ನು ಮೀರಿದ ಮೇಲಷ್ಟೇ ಹುಕ್‌ನ ಗೆರೆ ಶುರು. ಗೆರೆ ಸೊನ್ನೆಯಿಂದ ಹೊರಡದಿದ್ದರೂ ಲೆಕ್ಕಕ್ಕೇನೂ ಅಡ್ಡಿಯಿಲ್ಲ: 50 ಗ್ರಾಮಿಗೆ 2 ಸೆಂ.ಮೀ. ಎಂದರೆ ಸ್ಪ್ರಿಂಗಿನ ಬಿಗಿತ ಮೀಟರಿಗೆ ಸುಮಾರು 25 ನ್ಯೂಟನ್. ಅಂದು ನಾನು ಅಳಿಸಿದ ಸೊನ್ನೆಯೇ ಆ ಪುಟದಲ್ಲಿ ನನ್ನ ಕಣ್ಣು ಕಂಡಿದ್ದ ಹೊಸ ಸಂಗತಿಯಾಗಿತ್ತು. ಮೇಷ್ಟರನ್ನು ಕೇಳುವ ಧೈರ್ಯವಾಗಲಿಲ್ಲ.

ನಿಮ್ಮ ಮನೆಯ ಮಕ್ಕಳು ಈ ಪ್ರಯೋಗ ಮಾಡುವಾಗ ರಬ್ಬರನ್ನು ಎತ್ತಿಡಿ. ತೂಗಾಟ ನಿಲ್ಲುವವರೆಗೆ ಕಾಯಲಿ, ಕಣ್ಣು ಮುಳ್ಳಿನ ಮಟ್ಟಕ್ಕಿರಲಿ. ತೂಕಗಳನ್ನು ಒಂದೊಂದಾಗಿ ಇಳಿಸುವಾಗಲೂ ಅಳೆಯಲಿ. ಭಾರ ಅತಿಯಾಗಿದ್ದರೆ ಸ್ಪ್ರಿಂಗು ಮೊದಲಿನ ಉದ್ದಕ್ಕೆ ಮರಳುವುದಿಲ್ಲ. ಸ್ಥಿತಿಸ್ಥಾಪಕತೆಯ ಮಿತಿ ದಾಟಿದೆ ಎಂದರ್ಥ. ಅದನ್ನೂ ಕಂಡಂತೆಯೇ ಬರೆಯಲಿ.

ಅಂದ ಹಾಗೆ, ಮೊದಲ ತೂಕಕ್ಕೆ ಸ್ಪ್ರಿಂಗು ಜಗ್ಗದ ಆ ದೃಶ್ಯವನ್ನು ನಾವು ಕಾರ್ಯಕ್ರಮದಲ್ಲಿ ಕತ್ತರಿಸದೆ ಹಾಗೆಯೇ ಉಳಿಸಿಕೊಂಡೆವು.